ಮೂರನೆಯ ವಾಕ್ಯ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಊಟ ಮುಗಿಸಿ, ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಾ ಸುದ್ದಿ ಓದುತ್ತಿದ್ದಾರೆ. ಫೋನು ಬಿಟ್ಟು ಅಮ್ಮ ಕಾಗದ ಯಾಕೆ ಬರೆದಳು ಅಂತ ನಿನಗೆ ಎದೆ ಧಸಕ್ ಅಂದಿರಬೇಕು. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಾದರೆ "ಅಮ್ಮಾ, ಒಂದ್ನಿಮಿಷ ನನ್ ಮಾತು ಕೇಳು" ಅಂತ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಕರಗಿಹೋಗುತ್ತೇನೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟೇ. ನಿಮ್ಮ ವಿಡಿಯೋ ಗೇಮ್ ಕಂಪನಿಯ ಇಪ್ಪತ್ತೈದನೇ ವರ್ಷದ ಸಮಾರಂಭದಲ್ಲಿ ನಾನು ವೇದಿಕೆ ಹತ್ತುವುದಿಲ್ಲ. ನಿನ್ನನ್ನು ಒಂದು ಮಾತು ಕೇಳದೆ ನಿನ್ನೆ ಅವರಿಗೆ ಹಾಗೇ ಹೇಳಿಬಿಟ್ಟೆ.

ಬೈಯುವ ಮೊದಲು ಪೂರ್ತಿ ಓದು. "ನಮ್ಮಮ್ಮನಿಗಿಂತ ಹಳೇ ಅಭಿಮಾನಿ ನಿಮಗೆ ಸಿಗಲ್ಲ" ಅಂತ ನೀನು ನಿನ್ನ ಮೇಲಿನವರಿಗೆ ಹೇಳಿದ್ದು, ಅವರು ಒಪ್ಪಿದ್ದು, ನೀನು ಕುಣಿದಾಡುತ್ತಾ ಫೋನು ಮಾಡಿದ್ದು ಎಲ್ಲ ನೆನಪಿದೆ. ಈಗ ಅವರ ಮುಂದೆ ನಿನ್ನ ಮಾತು ಬಿದ್ದುಹೋಗುತ್ತದೆ. ಆ ಸಂಕಟಕ್ಕೇ ನಾನು ಮೂರು ದಿನ ಬಾಯಿ ಬಿಡಲಿಲ್ಲ. ಅಂಗಡಿಯಲ್ಲಿ ಯಾರದೋ ಕನ್ನಡಕದ ಎಡಗಾಜನ್ನು ಬಲಕ್ಕೆ ಕೂರಿಸಿಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಅವರು ನನಗೆ ಬಾಯಿಪಾಠ ಮಾಡಲು ಐದು ವಾಕ್ಯ ಕಳಿಸಿದ್ದರಲ್ಲ, ಮೊದಲಿನ ಎರಡಕ್ಕೆ ನನ್ನ ತಕರಾರಿಲ್ಲ. ಮೊದಲ ಯಂತ್ರದಿಂದಲೂ ಆಡುತ್ತಿದ್ದೇನೆ, ನಿಜ. ಮಗಳ ಜೊತೆ ಆಡುತ್ತಾ ಕಲಿತೆ, ಅದೂ ನಿಜ. ಮೂರನೆಯದು ಹೀಗಿದೆ: "ಪ್ರತಿ ಹೊಸ ಯಂತ್ರವೂ ಹಿಂದಿನದಕ್ಕಿಂತ ನನಗೆ ಹೆಚ್ಚು ಪ್ರಿಯವಾಗಿದೆ." ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ ಕಣೇ. ನಾಲಿಗೆ ಹೊರಳಲಿಲ್ಲ.

ಆರು ವರ್ಷದವಳಿದ್ದಾಗ ನೀನು ಕಾಲು ಮುರಿದುಕೊಂಡೆ. ಹಾಸಿಗೆ ಬಿಟ್ಟು ಏಳದಿರಲಿ ಅಂತ ಆ ಮೊದಲ ಯಂತ್ರ ತಂದದ್ದು. ನಿನಗೆ ಮೂರೇ ವಾರಕ್ಕೆ ಬೇಜಾರಾಗಿ ಬಣ್ಣದ ಪೆನ್ಸಿಲ್ ಹಿಡಿದೆ, ನಾನು ಮಾತ್ರ ಬಿದ್ದಲ್ಲಿಂದ ಮೇಲೇಳಲೇ ಇಲ್ಲ. "ಒಂದು ಮಗೂಗೆ ಕಾಲು ಮುರಿದಿದೆ, ಇನ್ನೊಂದಕ್ಕೆ ತಲೆ ಕೆಟ್ಟಿದೆ" ಅಂತ ನಿಮ್ಮಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಗುಂಡಿಯ ಕೆಳಗಿನ ರಬ್ಬರು ಸವೆದಾಗ ಕಂಪನಿಗೆ ಬರೆದೆ. ಲಕೋಟೆಯಲ್ಲಿ ಎರಡು ರಬ್ಬರು ಬಂದವು, ಜೊತೆಗೆ ಯಾರೋ ಕೈಯಲ್ಲಿ ಬರೆದ ಚೀಟಿ: ಒಂದು ಈಗಿನದಕ್ಕೆ, ಇನ್ನೊಂದು ಮುಂದಕ್ಕೆ. ಅವತ್ತೇ ನಾನು ಅವರ ಕಡೆಯವಳಾಗಿಬಿಟ್ಟೆ.

ಎರಡನೆಯ ಯಂತ್ರಕ್ಕೂ ಹೆಸರಿಡುವ ಹಾಗಿರಲಿಲ್ಲ. ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಅಕ್ಕನೂ ನಾನೂ ಊಟದ ಹೊತ್ತಿಗೆ ಆಟದ ಡಿಸ್ಕು ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಕಾಟ ಶುರುವಾದದ್ದು ಮೂರನೆಯದರಿಂದ. ಆಟ ಆಡಿಸುವ ಕಡ್ಡಿಯನ್ನು ಮುಟ್ಟದಿದ್ದರೂ ತೆರೆಯ ಮೇಲಿನ ನನ್ನ ವೀರ ತಾನಾಗೇ ಎಡಕ್ಕೆ ನಡೆದು ಹಳ್ಳಕ್ಕೆ ಬೀಳುತ್ತಿದ್ದ. ಬರೆದು ಕೇಳಿದರೆ, "ತಮ್ಮ ಮನೆಯಲ್ಲಿ ಧೂಳಿರಬಹುದು" ಅಂತ ಉತ್ತರ! ದಿನಕ್ಕೆ ಎಂಟು ಗಂಟೆ ಗಾಜು ಒರೆಸುವವಳ ಮನೆಯಲ್ಲಿ ಧೂಳಂತೆ! ಈ ಹೊಸದರಲ್ಲೋ ಡಿಸ್ಕು ಹಾಕುವ ಬಾಯೇ ಇಲ್ಲ. ಅಕ್ಕನ ಜೊತೆಗಿನ ಕೊಡುಕೊಳ್ಳುವಿಕೆಗೆ ಅಲ್ಲಿಗೆ ಕಲ್ಲು ಬಿತ್ತು. ಹಳೇ ಯಂತ್ರದಲ್ಲಿ ಎಂಟು ವರ್ಷ ನೀರು ಹಾಕಿ ಬೆಳೆಸಿ ಇದಕ್ಕೆ ತಂದುಕೊಂಡಿದ್ದ ನನ್ನ ತೋಟದ ಆಟ ಒಂದು ಬೆಳಿಗ್ಗೆ ಪಟ್ಟಿಯಲ್ಲೇ ಇರಲಿಲ್ಲ. "ಈ ಆಟ ಈಗ ಲಭ್ಯವಿಲ್ಲ." ಬಾಗಿಲು ಬಡಿಯದೆ ಮನೆಯೊಳಗೆ ಬಂದು ಎತ್ತಿಕೊಂಡು ಹೋದ ಹಾಗಾಯಿತು. ಅವತ್ತು ನನಗೆ ನಿಜವಾಗಿ ಅಳು ಬಂತು.

ಹೊಸ ಯಂತ್ರ ಹೇಗಿದೆ ಅಂತ ನೀನು ಕೇಳಿದಾಗಲೆಲ್ಲ "ಸೂಪರ್" ಅಂದೆನಲ್ಲ, ಎಂಟು ತಿಂಗಳಿಂದ ಅದು ಸುಳ್ಳು. ಅದರ ಆಟ ಪರೀಕ್ಷಿಸಿದವಳು ನೀನು, ಆಸೆಪಟ್ಟು ಕಳಿಸಿದವಳೂ ನೀನು, ಮುಖದ ಮೇಲೆ ಹೊಡೆದ ಹಾಗೆ ಹೇಗೆ ಹೇಳಲಿ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸರಿ. ಆದರೆ ಈ ಹೆಗ್ಗಣವನ್ನು ಹೆತ್ತದ್ದು ನಿನ್ನ ಕಂಪನಿ, ನಾನಲ್ಲ.

ನಿನ್ನೆ ಸಮಾರಂಭ ನೋಡಿಕೊಳ್ಳುವ ಹುಡುಗಿ ವಾಕ್ಯ ಒಪ್ಪಿಸಿಕೊಳ್ಳಲು ಫೋನು ಮಾಡಿದಳು. ಎರಡು ಒಪ್ಪಿಸಿ ನಿಂತುಬಿಟ್ಟೆ. "ಮರೆತುಹೋಯ್ತಾ ಆಂಟಿ?" ಅಂದಳು. ಇಲ್ಲಮ್ಮ, ಎಲ್ಲ ನೆನಪಿದೆ, ಅದೇ ತೊಂದರೆ ಅಂದೆ. ಆಮೇಲೆ ತಡೆಯಲಾಗಲಿಲ್ಲ. ರಬ್ಬರಿನಿಂದ ತೋಟದವರೆಗೆ ಅರ್ಧ ಗಂಟೆ ಒದರಿದೆ. ಪಾಪ, ಅವಳು ಕೇಳಿಸಿಕೊಂಡು, "ಹಳೇದು ನಮ್ಮನೇಲೂ ಇದೆ ಆಂಟಿ, ಬಿಸಾಕೋಕೆ ಮನಸ್ಸು ಬಂದಿಲ್ಲ" ಅಂತ ಮೆಲ್ಲಗೆ ಹೇಳಿ, ಇದನ್ನು ಯಾರ ಹತ್ತಿರವೂ ಹೇಳಬೇಡಿ ಅಂದಳು. (ನೀನೂ ಹೇಳಬೇಡ.) ಕಾರಣ ಅನಾರೋಗ್ಯ ಅಂತ ಬರೆದುಕೊಳ್ಳಲಾ ಅಂತ ಕೇಳಿದಳು. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮೂರನೇ ವಾಕ್ಯ ಒಪ್ಪಿಗೆಯಿಲ್ಲ ಅಂತಲೇ ಬರಿ ಅಂದೆ.

ಇದರಿಂದ ನಿನಗೆ ಮುಜುಗರವಾದರೆ ನನ್ನನ್ನು ಬೈದುಬಿಡು, ಎರಡು ದಿನ ಮಾತೂ ಬಿಡು. ಮೂರನೇ ದಿನ ಫೋನು ಮಾಡು. ತಪ್ಪು ಹುಡುಕುವುದೇ ನಿನ್ನ ಕೆಲಸ. ನೀನು ಬರೆದುಕೊಟ್ಟ ತಪ್ಪುಗಳನ್ನು ಅವರು ಅರ್ಧವೂ ತಿದ್ದುವುದಿಲ್ಲ ಅಂತ ಹೋದ ವರ್ಷ ನನ್ನ ಮುಂದೆ ಅತ್ತವಳು ನೀನೇ ತಾನೆ? ಅಂಥವಳ ತಾಯಿ ವೇದಿಕೆ ಹತ್ತಿ ಎಲ್ಲ ಸರಿಯಿದೆ ಅಂದರೆ ನಾಳೆ ನಿನ್ನ ಮಾತನ್ನು ಯಾರು ಕೇಳುತ್ತಾರೆ?

ನಾನು ಕೊರಗುತ್ತಾ ಕೂತಿದ್ದೇನೆ ಅಂದುಕೊಳ್ಳಬೇಡ. ಮೊದಲಿನ ಯಂತ್ರ ಇವತ್ತಿಗೂ ಒಂದೇ ಒತ್ತಿಗೆ ಏಳುತ್ತದೆ. ಭಾನುವಾರ ಸಂಜೆ ಅಕ್ಕ ಬರುತ್ತಾರೆ, ಇಬ್ಬರೂ ಕಾಲು ನೀಡಿಕೊಂಡು ಆಡುತ್ತೇವೆ. ನಿಮ್ಮಪ್ಪ ಹಿಂದಿನಿಂದ "ಬಲಕ್ಕೆ ಹೋಗು, ಬಲಕ್ಕೆ!" ಅನ್ನುತ್ತಾರೆ. ಬಲಕ್ಕೆ ಹೋದರೆ ಗೋಡೆ. ಬಿದ್ದು ಬಿದ್ದು ನಗುತ್ತೇವೆ. ನನಗೆ ಇಷ್ಟು ಸಾಕು, ಪುಟ್ಟಿ, ನಿಜವಾಗಿ ಸಾಕು.

ಸಮಾರಂಭಕ್ಕೆ ಖಂಡಿತ ಬರುತ್ತೇನೆ. ಕೆಳಗೆ ಕೂತು ನಿನಗೆ ಚಪ್ಪಾಳೆ ತಟ್ಟುತ್ತೇನೆ, ಕಂಪನಿಗಲ್ಲ.

ಸುಳ್ಳು ಹೇಳಿ ಸುಸ್ತಾದ,
ನಿನ್ನ ಅಮ್ಮ

ತಾ.ಕ.: ಹೊಸ ಯಂತ್ರವನ್ನು ಪೆಟ್ಟಿಗೆಗೆ ವಾಪಸ್ ಹಾಕಿಟ್ಟಿದ್ದೇನೆ ಅಂದುಕೊಂಡೀಯ. ಇಲ್ಲ. ನೀನು ಪರೀಕ್ಷಿಸಿದ ಆ ದೋಣಿ ಆಟವಿದೆಯಲ್ಲ, ಅದರ ಕೊನೆಯ ಹಂತ ಗೆದ್ದ ಮೇಲೆ ಕೆಲಸ ಮಾಡಿದವರ ಹೆಸರುಗಳೆಲ್ಲ ಇರುವೆ ಸಾಲಿನ ಹಾಗೆ ಮೇಲಕ್ಕೆ ಹೋಗುತ್ತವೆ. ಕೊನೆಯಿಂದ ನಾಲ್ಕನೆಯದು ನಿನ್ನದು. ನಿಲ್ಲಿಸಿ ನೋಡುವುದಕ್ಕೆ ಆ ಪುಣ್ಯಾತ್ಮರು ಒಂದು ಗುಂಡಿ ಇಟ್ಟಿಲ್ಲ, ಮತ್ತೆ ನೋಡಬೇಕೆಂದರೆ ಮತ್ತೆ ಗೆಲ್ಲಬೇಕು. ಇಲ್ಲಿಯವರೆಗೆ ಮೂವತ್ತೊಂದು ಸಲ ಗೆದ್ದಿದ್ದೇನೆ. ನಿನ್ನೆ ನಿಮ್ಮಪ್ಪನನ್ನೂ ಕರೆದು ಕೂರಿಸಿದೆ. ಸರಿಯಾಗಿ ಆ ಹೊತ್ತಿಗೆ ಸೀನಿದರು, ತಪ್ಪಿಹೋಯಿತು. ಈಗ ಎದ್ದು ಕೂತು, ಕಾಗದ ಆಮೇಲೆ ಬರಿ, ಇನ್ನೊಂದ್ಸಲ ಗೆಲ್ಲು ಅನ್ನುತ್ತಿದ್ದಾರೆ.