ಪರದೆಯ ಆಚೆ ಒಬ್ಬರು ಕೂತಿರಿ

ಗದಗ-ಬೆಟಗೇರಿ
೨೧೭೧ನೇ ಇಸವಿ, ಫೆಬ್ರವರಿ ೩೦

ಆನ್‌ಲೈನ್ ಕೋಡಿಂಗ್ ಪರೀಕ್ಷೆ ಬರೆಯುವವರಿಗೆ, ಮುಖ್ಯವಾಗಿ ಅದನ್ನು ಬರೆಸುವವರಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ನಿಮ್ಮ ನಂತರ ಬಂದವರು ಎಲ್ಲ ತಿಂಗಳುಗಳನ್ನೂ ಸಮ ಮಾಡಿದರು. ಹಾಗಾಗಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ಉಳಿದ ದಿನಗಳು ಯಾವ ತಿಂಗಳಿಗೂ ಸೇರದ ರಜೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಕೇಳುತ್ತೇನೆ. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ. ಓದಿದ್ದೆಲ್ಲ ಕರಪತ್ರಗಳಲ್ಲಿ, ಹೊಸವು ಕೆಲವು, ನಿಮ್ಮ ಕಾಲದಿಂದ ಉಳಿದು ಬಂದವು ಬಹಳ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಪ್ರತಿ ಓಣಿಯೂ ವರ್ಷಕ್ಕೊಮ್ಮೆ ಹಿಂದಿನ ಕಾಲಕ್ಕೆ ಒಂದು ಕಾಗದ ಕಳಿಸಬಹುದು. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ನಮ್ಮ ಓಣಿಯವರು ಸಜ್ಜಕದ ಹೋಳಿಗೆಗೆ ಬೆಲ್ಲ ಎಷ್ಟು ಹಾಕುತ್ತಿದ್ದಿರಿ ಎಂದು ಕೇಳಿದ್ದರು. ಈ ವರ್ಷ ಜಗಳ ಮಾಡಿ ಆ ಅವಕಾಶವನ್ನು ನಾನು ಪಡೆದಿದ್ದೇನೆ.

ಮೊದಲು ನಮ್ಮ ಊರಿನ ವಿಷಯ ಹೇಳುತ್ತೇನೆ. ಕಪ್ಪತಗುಡ್ಡದಿಂದ ಇಲ್ಲಿಯವರೆಗೆ ಸಾಲಾಗಿ ಗಾಳಿಕಂಬಗಳಿವೆ. ಬೆಟಗೇರಿಯ ಮಗ್ಗ, ಮನೆಯ ಒಲೆ, ಬಾವಿಯ ಪಂಪು ಎಲ್ಲ ನಡೆಯುವುದು ಆ ಗಾಳಿಯ ಕರೆಂಟಿನಿಂದಲೇ. ಯಾವ ಹೊತ್ತಿಗೆ ಯಾವ ಓಣಿಗೆ ಎಷ್ಟು ಎಂದು ಹಂಚುವ ಕೋಡ್ ಬರೆಯುವವರನ್ನು ಪಾಲುಗಾರರು ಎನ್ನುತ್ತೇವೆ. ನಮ್ಮ ಓಣಿಯ ಪಾಲುಗಾರರು ತೀರಿಕೊಂಡು ಆ ಜಾಗ ಖಾಲಿಯಾಗಿದೆ. ಆ ಕೆಲಸ ಮೌನೇಶನಿಗೆ ಬೇಕು. ಮೌನೇಶ ಗಾಳಿಕಂಬದ ರೆಕ್ಕೆ ಒರೆಸುವ ಹುಡುಗ, ನನ್ನ ಓರಗೆಯವನು, ಬಾಯಿ ಜೋರು. ಕೋಡ್ ಬರೆಯಲು ತಾನಾಗಿ ಕಲಿತಿದ್ದಾನೆ, ಎಷ್ಟು ಚೆನ್ನಾಗಿ ಎಂಬುದು ಅವನಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಅವನನ್ನು ಯಾರೂ ಯಾವತ್ತೂ ಒಂದು ಪ್ರಶ್ನೆ ಕೇಳಿಲ್ಲ.

ನಮ್ಮ ಕಾಲದಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ. ನಮಗೆ ಬಾಳತೂಕವಿದೆ. ಮಗು ಬೆರಳಾಡಿಸಲು ಕಲಿತ ದಿನದಿಂದ ಅದು ಎಷ್ಟು ಬೇಗ ಆಟದ ಗುಂಡಿ ಜೋಡಿಸಿತು, ಎಷ್ಟು ಸಲ ಎಡವಿತು, ಯಾವ ಆಟ ಅರ್ಧಕ್ಕೆ ಬಿಟ್ಟಿತು ಎಂಬುದನ್ನೆಲ್ಲ ಯಂತ್ರ ನೋಡುತ್ತಿರುತ್ತದೆ. ಕೆಲಸದ ವಯಸ್ಸಿಗೆ ಬಂದಾಗ ನೀನು ಇಂಥದ್ದಕ್ಕೆ ಎಂದು ಹೇಳುತ್ತದೆ. ಮೌನೇಶ ಚಿಕ್ಕವನಿದ್ದಾಗ ಗುಂಡಿ ಜೋಡಿಸುವ ಬದಲು ಅವುಗಳನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದನಂತೆ. ‘ನಿಧಾನಿ’ ಎಂದು ಯಂತ್ರದ ಮುದ್ರೆ ಬಿತ್ತು. ಇವತ್ತಿಗೂ ಅವನು ನಿಧಾನಿಯೇ. ಇದನ್ನು ಜನ ನ್ಯಾಯ ಎನ್ನುತ್ತಾರೆ, ಯಾಕೆಂದರೆ ಇದರಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ. ಶಿಫಾರಸು ನಡೆಯದಿದ್ದರೆ ಸಾಕೇ? ಮನುಷ್ಯನ ಮಾತೂ ನಡೆಯುವುದಿಲ್ಲವಲ್ಲ!

ಅದಕ್ಕೇ ನಿಮ್ಮ ಕಾಲ ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಾನು ಹುಟ್ಟದ ಕಾಲಕ್ಕೆ ಹಂಬಲಿಸುವುದು ಹುಚ್ಚು ಎಂದು ನನ್ನ ಗೆಳೆಯ ದಾವಲ ನಗುತ್ತಾನೆ, ನಗಲಿ. ಕರಪತ್ರಗಳಲ್ಲಿ ನಿಮ್ಮ ಪರೀಕ್ಷೆಯ ಬಗ್ಗೆ ಓದಿ ಓದಿ ಅದು ನನ್ನ ಸ್ವಂತ ನೆನಪಿನಂತಾಗಿದೆ. ಒಬ್ಬ ಹುಡುಗಿ ಮುಂಜಾನೆ ತಲೆಸ್ನಾನ ಮಾಡಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಳೆ. ಅವಳ ಅವ್ವ ಕುಕ್ಕರಿನ ಸೀಟಿ ಕೂಗದಂತೆ ಗ್ಯಾಸ್ ಆರಿಸಿ, ಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ ಸುಮ್ಮನಿರಿ ಎಂದು ಕೈ ಮಾಡುತ್ತಿದ್ದಾಳೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿದೆ. ಪ್ರಶ್ನೆ ಬರುತ್ತದೆ. ಅವಳು ಬಾಲ್ಯದಲ್ಲಿ ಗುಂಡಿ ನುಂಗಿದ್ದಳೋ ಇಲ್ಲವೋ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಗಡಿಯಾರ. ಒಂದೂವರೆ ತಾಸಿನ ಮಟ್ಟಿಗೆ ಅವಳು ತನ್ನ ಹಿಂದಿನದೆಲ್ಲವನ್ನೂ ಹೊರಗಿಟ್ಟು ಕೂತಿದ್ದಾಳೆ. ಅಂಥ ಒಂದೂವರೆ ತಾಸನ್ನು ಕೊಡುತ್ತಿದ್ದ ಕಾಲ ಎಷ್ಟು ದೊಡ್ಡ ಮನಸ್ಸಿನದಿರಬೇಕು!

ನಮಗೂ ಅದು ಬೇಕೆಂದು ನಾವು ಕೆಲವರು ಸೇರಿ ಕೇಳುಕೂಟ ಎಂಬ ಸಂಘ ಕಟ್ಟಿದೆವು. ಪಾಲುಮನೆ, ಅಂದರೆ ಗಾಳಿಯ ಕರೆಂಟು ಹಂಚುವ ಕಚೇರಿಯ ಕಾನೂನಿನಲ್ಲಿ ಒಂದು ಸಂದಿಯಿದೆ: ಓಣಿಯ ಹಿರಿಯರು ಹಿಂದೆ ನಡೆಸುತ್ತಿದ್ದ ಪದ್ಧತಿಯಿಂದ ಆರಿಸಿದವರನ್ನು ಬಾಳತೂಕವಿಲ್ಲದೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಹಾಗಿದ್ದರೆ ನಿಮ್ಮ ಪದ್ಧತಿಯಲ್ಲೇ ಮೌನೇಶನಿಗೆ ಪರೀಕ್ಷೆ ಕೊಡೋಣ ಎಂದು ನಿಶ್ಚಯಿಸಿದೆವು. ನಿಮ್ಮ ಕಾಲದ ಅಭ್ಯರ್ಥಿಗಳಿಗಾಗಿ ಅಚ್ಚಾಗಿದ್ದ ಸೂಚನೆಯ ಹಾಳೆ ಸಿಕ್ಕಿತ್ತು. ಅದರಲ್ಲಿ ಮೊದಲ ಸಾಲೇ ಹೀಗಿತ್ತು: ಪರೀಕ್ಷೆ ಆರಂಭಿಸುವ ಮುನ್ನ ಕ್ಯಾಮೆರಾ ತಿರುಗಿಸಿ ನಿಮ್ಮ ಕೋಣೆಯ ನಾಲ್ಕೂ ಗೋಡೆಗಳನ್ನು ತೋರಿಸಿ.

ಇದನ್ನು ಓದಿ ನಮ್ಮ ಕಣ್ಣು ತುಂಬಿಬಂತು. ಎಂಥ ಸೌಜನ್ಯ! ಪ್ರಶ್ನೆ ಕೇಳುವ ಮೊದಲು ಮನೆ ನೋಡುವುದು! ಒಬ್ಬರು ಗೋಡೆ ತೋರಿಸಿದ ಮೇಲೆ ಇನ್ನೊಬ್ಬರು ಸುಮ್ಮನಿರಲು ಹೇಗೆ ಸಾಧ್ಯ, ಕೇಳುವವರೂ ತಮ್ಮದನ್ನು ತೋರಿಸುತ್ತಿದ್ದಿರಬೇಕು ಎಂದು ತಿಳಿದೆವು. ಹಾಳೆಯಲ್ಲಿ ‘ಮರೆಯಲ್ಲಿರುವ ಪರೀಕ್ಷಾ ಸಂದರ್ಭಗಳು’ ಎಂಬ ಮಾತೂ ಇತ್ತು. ಬರೆದ ಕೋಡನ್ನು ಕಾಣದ ಉದಾಹರಣೆಗಳಿಂದಲೂ ಪರೀಕ್ಷಿಸುತ್ತಾರೆಂದು ಅದರ ಅರ್ಥ. ಮುಗಿದ ಮೇಲೆ ಆ ಮರೆಯನ್ನು ಇಬ್ಬರೂ ಕೂತು ತೆಗೆಯುತ್ತಿದ್ದರೆಂದೇ ನಾವು ನಂಬಿದೆವು.

ಮೊನ್ನೆ ಹಾಗೇ ನಡೆಸಿದೆವು. ಮೌನೇಶ ತನ್ನ ಖೋಲಿಯಲ್ಲಿ, ನಾನೂ ದಾವಲನೂ ಮಗ್ಗದ ಮನೆಯಲ್ಲಿ. ಅವನು ಕ್ಯಾಮೆರಾ ತಿರುಗಿಸಿದ. ಒಂದು ಗೋಡೆಯ ಮೇಲೆ ಒದ್ದೆ ಲಂಗೋಟಿ ನೇತಾಡುತ್ತಿತ್ತು.

“ಏನಲೇ ಇದು, ಧ್ವಜ ಏರಿಸೀಯೇನು?” ಎಂದ ದಾವಲ.

“ನಗ್ರಿ, ನಗ್ರಿ. ನಿಮ್ಮ ಗ್ವಾಡಿನೂ ತೋರಸ್ರಿ ಮತ್ತ. ಒಂದ ಕಡೆ ಬೀಗತನ ನಡಿಯಾಂಗಿಲ್ಲ.”

ನಮ್ಮ ಗೋಡೆಗಳನ್ನೂ ತೋರಿಸಿದೆವು. ಸುಣ್ಣ ಉದುರಿದ ಮೂಲೆ ನೋಡಿ ಅವನೂ ನಕ್ಕ. ಆಮೇಲೆ ನಾವು ಪ್ರಶ್ನೆ ಕೊಟ್ಟೆವು, ಅವನು ಬರೆಯಲು ಕೂತ. ಗಾಳಿಯ ಕರೆಂಟನ್ನು ಓಣಿಗಳ ಬೇಡಿಕೆಗೆ ತಕ್ಕಂತೆ ಭಾಗಿಸುವ ಕೋಡ್ ಬರೆದ. ಮರೆ ತೆಗೆದಾಗ ಒಂದು ಕಡೆ ತಪ್ಪಿತ್ತು. ಯಾರೂ ಏನೂ ಬೇಡದಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಅವನ ಕೋಡ್ ನಿಂತುಹೋಗುತ್ತಿತ್ತು.

“ಯಾರೂ ಬ್ಯಾಡದ ದಿನ ಅಂತ ಬೆಟಗೇರ್ಯಾಗ ಎಂದರ ಬಂದೈತೇನ?” ಎಂದು ಜಗಳಕ್ಕೆ ಬಂದ.

“ಬಂದ್ರ ಏನ ಮಾಡ್ತಿ? ಅದನ್ನ ಹೇಳು,” ಎಂದೆ.

ಸ್ವಲ್ಪ ಹೊತ್ತು ಗೊಣಗಿ, ಕೂತು ತಿದ್ದಿದ. ಸರಿಯಾಯಿತು. ನಾವು ಅವನನ್ನು ಆರಿಸಿದೆವು.

ಇನ್ನು ಉಳಿದದ್ದು ಸಾಕ್ಷಿ. ಇದು ಹಿರಿಯರ ಪದ್ಧತಿಯೇ ಎಂದು ಒಬ್ಬ ಹಿರಿಯರು ಪಾಲುಮನೆಯ ಮುಂದೆ ಆಣೆ ಮಾಡಬೇಕು. ನಮ್ಮ ಓಣಿಯಲ್ಲಿ ಸಕ್ಕೂಬಾಯಿ ಕಬಾಡಿಯವರಿದ್ದಾರೆ, ತೊಂಬತ್ತರ ಹತ್ತಿರದವರು. ಅವರ ಮುತ್ತಜ್ಜಿಯೂ ಹುಟ್ಟಿನಿಂದ ಕಬಾಡಿಯವರೇ, ನಿಮ್ಮ ಕಾಲದಲ್ಲಿ ಇಂಥ ಪರೀಕ್ಷೆ ಬರೆದವರು, ಆ ಕಥೆಯನ್ನು ಮರಿಮೊಮ್ಮಗಳಿಗೆ ಹೇಳುತ್ತಿದ್ದವರು. ಮೂವರೂ ಅವರ ಮನೆಗೆ ಹೋಗಿ ನಾವು ಮಾಡಿದ್ದನ್ನೆಲ್ಲ ಖುಷಿಯಿಂದ ವಿವರಿಸಿದೆವು. ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡಿದರು.

“ಅಯ್ಯ, ಹುಚ್ಚ ಖೋಡಿಗಳ್ರ್ಯಾ, ಆ ಕಡೆ ಯಾರ ಇರ್ತಿದ್ರು?”

“ಪ್ರಶ್ನೆ ಕೇಳೋರು, ಆಯಿ,” ಎಂದೆ.

“ಯಾರೂ ಇರ್ತಿದ್ದಿಲ್ಲ. ಗ್ವಾಡಿ ತೋರಸೂದು ಯಂತ್ರಕ್ಕ. ಯಾರನರ ಅಡಗಿಸಿಟ್ಟಾಳೇನಂತ ನೋಡಾಕ. ಕಣ್ಣ ಆ ಕಡೆ ಹೊಳ್ಳಿದ್ರ ಕಳ್ಳಿ ಅಂತ ಬರಕೊಳ್ತಿತ್ತಂತ. ಮರಿಯಾಗಿದ್ದದ್ದು ಮರಿಯಾಗ ಉಳೀತು. ತನ್ನ ಉತ್ತರ ಎಲ್ಲಿ ತಪ್ಪಿತ್ತಂತ ನಮ್ಮ ಮುತ್ತಜ್ಜಿಗೆ ಸಾಯೂತನಕ ಗೊತ್ತಾಗಲಿಲ್ಲ.”

ನಾನು ಅಂಗಳಕ್ಕೆ ಬಂದು ಕೂತೆ. ನನ್ನ ಕರಪತ್ರಗಳೆಲ್ಲ ಸುಳ್ಳು ಹೇಳಿರಲಿಲ್ಲ. ಆ ಹುಡುಗಿ, ಆ ಅವ್ವ, ಆರಿಸಿದ ಗ್ಯಾಸು ಎಲ್ಲ ನಿಜವೇ. ಆದರೆ ಅಷ್ಟು ಜತನದಿಂದ ಅವಳು ಗೋಡೆ ತೋರಿಸಿದಾಗ ನೋಡಲು ಯಾರೂ ಇರಲಿಲ್ಲ. ಬಾಳತೂಕದ ಬೀಜ ನಿಮ್ಮಲ್ಲೇ ಬಿದ್ದಿತ್ತು. ಬರುವ ಸಾವಿರಾರು ಜನರನ್ನು ನೋಡಲು ನಿಮಗೆ ಪುರಸೊತ್ತಿರಲಿಲ್ಲ. ಸೋಸಲು ಯಂತ್ರ ಇಟ್ಟಿರಿ. ಅದು ಅನಿವಾರ್ಯ ಎನ್ನುತ್ತೀರಿ. ಇರಬಹುದು. ನಮ್ಮವರೂ ಅದನ್ನೇ ಹೇಳುತ್ತಾರೆ, ಅದೇ ಪದದಲ್ಲಿ. ಒಬ್ಬ ಮನುಷ್ಯನನ್ನು ಅಳೆಯುವ ಹಕ್ಕು ಅವನೆದುರು ಬಂದು ಕೂರುವವರಿಗೆ ಮಾತ್ರ ಇದೆ ಎಂದು ನಾನು ನಂಬಿದ್ದೇನೆ. ಇದು ನನಗೆ ನಿಮ್ಮಿಂದ ಬಂದ ನಂಬಿಕೆ ಎಂದುಕೊಂಡಿದ್ದೆ.

ಒಳಗೆ ಜಗಳ ನಡೆದಿತ್ತು. “ಆಣಿ ಮಾಡಿಬಿಡ್ರಿ ಆಯಿ, ಯಾರ ಬಂದು ನೋಡ್ತಾರ?” ಎನ್ನುತ್ತಿದ್ದ ದಾವಲ. “ನೋಡೋರಿಲ್ಲಂತ ಸುಳ್ಳ ಹೇಳಲೇನು?” ಎಂದರು ಆಯಿ. ಮೌನೇಶ ಮಾತ್ರ ಹೊರಗೆ ಬಂದು ನನ್ನ ಪಕ್ಕ ಕೂತ.

“ನನ್ನ ಲಂಗೋಟಿ ನೋಡಿ ನೀವು ನಕ್ರಿ,” ಎಂದ. “ಯಂತ್ರ ನಗತಿತ್ತೇನು? ಕೆಲಸ ಸಿಗದಿದ್ರ ಬಿಡವಾ. ನನ್ನ ತಪ್ಪು ಎಲ್ಲಿತ್ತಂತ ನನಗ ಗೊತ್ತಾತು.”

ಬಿಡಲು ನನ್ನಿಂದ ಆಗುವುದಿಲ್ಲ. ಸೋಮವಾರ ಪಾಲುಮನೆಯಲ್ಲಿ ವಿಚಾರಣೆ. ಸಕ್ಕೂಬಾಯಿ ಸುಳ್ಳಾಡುವುದಿಲ್ಲ, ಆಡಿಸಲು ನಾನೂ ಒಪ್ಪುವುದಿಲ್ಲ. ಅವರು ಆಣೆ ಮಾಡದಿದ್ದರೆ ಮೌನೇಶ ಬದುಕಿರುವವರೆಗೂ ರೆಕ್ಕೆ ಒರೆಸುತ್ತಾನೆ, ಕಾನೂನಿನ ಆ ಸಂದಿಯನ್ನೂ ಮುಚ್ಚಿಬಿಡುತ್ತಾರೆ. ಇಲ್ಲಿಂದ ನಾನು ಮಾಡಬಹುದಾದದ್ದು ಏನೂ ಉಳಿದಿಲ್ಲ. ಅಲ್ಲಿಂದ ನೀವು ಮಾಡಬಹುದು.

ಎಲ್ಲ ಪರೀಕ್ಷೆಗಳನ್ನೂ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ನಿಮ್ಮಲ್ಲಿ ಒಬ್ಬರು, ಒಂದು ಸಲ, ಪರದೆಯ ಆಚೆ ಬಂದು ಕೂತಿರಿ. ಗೋಡೆ ತೋರಿಸಿದವಳಿಗೆ ನಿಮ್ಮ ಗೋಡೆಯನ್ನೂ ತೋರಿಸಿ. ಮುಗಿದ ಮೇಲೆ ಮರೆ ತೆಗೆದು, ಇಲ್ಲಿ ತಪ್ಪಿತವ್ವ, ಈಗೇನು ಮಾಡುತ್ತಿ ಎಂದು ಕೇಳಿ. ಕೆಲಸ ಕೊಡಿ, ಬಿಡಿ, ಅದು ನಿಮಗೆ ಬಿಟ್ಟದ್ದು. ಯಾರಿಗೆ ಎಂದು ಕೇಳಿದರೆ, ಗದಗಿನ ಕಡೆಯಿಂದ ಕಬಾಡಿ ಎಂಬ ಅಡ್ಡಹೆಸರಿನ ಒಬ್ಬ ಹುಡುಗಿ ಬರೆಯಲು ಕೂತರೆ ಅವಳಿಗೆ. ಅವಳು ಇದನ್ನು ಮರೆಯುವುದಿಲ್ಲ, ಮುಂದೆ ತನ್ನ ಮರಿಮೊಮ್ಮಗಳು ಸಕ್ಕೂಬಾಯಿಗೆ ಹೇಳದೆ ಇರುವುದೂ ಇಲ್ಲ.

ನಿಮಗೆ ನಮಸ್ಕಾರ. ಸೋಮವಾರ ಬೆಳಿಗ್ಗೆ ಪಾಲುಮನೆಗೆ ಹೊರಡುವ ಮೊದಲು ನಾನು ಸಕ್ಕೂಬಾಯಿಯವರ ಮನೆಗೆ ಹೋಗುತ್ತೇನೆ. ಆಯಿ, ನಿಮ್ಮ ಮುತ್ತಜ್ಜಿ ಪರೀಕ್ಷೆ ಬರೆದಾಗ ಆ ಕಡೆ ಯಾರಿದ್ದರು ಎಂದು ಇನ್ನೊಂದು ಸಲ ಕೇಳುತ್ತೇನೆ.

ನೀಲಗಂಗಾ ಹೊಂಬಳ
ಕೇಳುಕೂಟದ ಪರವಾಗಿ