ಉಲ್ಟಾ ಮಾಡಿಟ್ಟ ಅಂಗಿಗಳು

ಮಾರ್ಚ್ 11, ಮಂಗಳವಾರ

ಚೂಟಿಯ ಅಪ್ಪನಿಗೆ,

ನಮಸ್ಕಾರಗಳು. ನಾವು ಮೂವರೂ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ಬರೆಯಿರಿ. ಹೋದ ತಿಂಗಳೇ ಬರೆಯಬೇಕಿತ್ತು, ಬರೆಯಲಿಲ್ಲ. ಕ್ಷಮಿಸಿ. ಫೋನ್ ಇರುವಾಗ ಕಾಗದ ಯಾಕೆ ಅಂತ ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು ಎರಡು ಮಾತಾಡಿ, ಬಂದರಿನಲ್ಲಿ ಕ್ರೇನ್ ಹತ್ತಬೇಕು ಅಂತ ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಕೊನೆಯ ತನಕ ಓದುತ್ತೀರಿ.

ನನ್ನ ಅಂಗಡಿ ಇರುವ ಕಟ್ಟಡವನ್ನು ಕೆಡವುತ್ತಾರಂತೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಹೊಲಿಗೆ ಮಿಷನ್ ಮನೆಗೇ ಬರುತ್ತದೆ, ಇನ್ನು ಆಲ್ಟರೇಷನ್ ಕೆಲಸವೆಲ್ಲ ನಡುಮನೆಯಲ್ಲೇ. ಮಿಷನ್ನಿಗೆ ಜಾಗ ಬೇಕಾದರೆ ದೊಡ್ಡ ಬೀರು ಹೊರಗೆ ಹೋಗಬೇಕು. ಬೀರು ಹೋಗಬೇಕಾದರೆ ನಾಲ್ಕು ಜನರ ಬಟ್ಟೆ ಸಣ್ಣ ಬೀರುವಿನಲ್ಲಿ ಹಿಡಿಯಬೇಕು. ಹಾಗಾಗಿ ಹೋದ ವಾರ ಎಲ್ಲವನ್ನೂ ತೆಗೆದು ಮಂಚದ ಮೇಲೆ ಸುರಿದೆವು. ಇಷ್ಟು ಬಟ್ಟೆ ಇಟ್ಟುಕೊಂಡು ಹಾಕಲು ಏನೂ ಇಲ್ಲ ಅಂತ ದಿನಾ ಗೊಣಗುತ್ತಿದ್ದೆವಲ್ಲ ಅಂತ ನಮಗೇ ನಾಚಿಕೆಯಾಯಿತು. ಅಂಗಡಿಯ ಪದ್ಧತಿಯನ್ನೇ ಮನೆಗೂ ತಂದೆವು. ಉಲ್ಟಾ ಮಾಡಿಟ್ಟಿದ್ದು ರಿಪೇರಿಗೆ, ಅಂದರೆ ನಮ್ಮಲ್ಲೇ ಉಳಿಯುವುದು. ಸರಿಯಾಗಿ ಮಡಚಿಟ್ಟಿದ್ದು ಹೊರಗೆ ಕೊಡುವುದು. ಚೂಟಿ ಅಂಗಡಿಯಲ್ಲೇ ಬೆಳೆದವಳು, ಅವಳಿಗೆ ಹೇಳಿಕೊಡಬೇಕಾಗಿಲ್ಲ. ನಾನು ಅಂಗಡಿಗೆ ಹೋದ ಮೇಲೆ ನಿಮ್ಮ ಬಟ್ಟೆಗಳನ್ನು ಅವಳೇ ನೋಡಿದಳು. ಒಂದರ ಗುಂಡಿ ಹೋಗಿತ್ತು, ಇನ್ನೊಂದರ ಕಾಲರ್ ಸವೆದಿತ್ತು, ಏನೂ ಆಗದವೂ ಇದ್ದವು. ಅವಳು ಒಂದನ್ನೂ ಬಿಡದೆ ಎಲ್ಲವನ್ನೂ ಉಲ್ಟಾ ಮಾಡಿಟ್ಟು ಕಾಲೇಜಿಗೆ ಹೋದಳು.

ಅತ್ತೆಗೆ ಈ ಪದ್ಧತಿ ಹೇಳಲು ಇಬ್ಬರೂ ಮರೆತೆವು. ಹೋಟೆಲಿನ ಲಾಂಡ್ರಿಯಲ್ಲಿ ಅಷ್ಟು ವರ್ಷ ದುಡಿದ ಕೈ ಅದು, ಉಲ್ಟಾ ಬಟ್ಟೆ ಕಂಡರೆ ಸುಮ್ಮನಿರುತ್ತದೆಯೇ? ಎಲ್ಲವನ್ನೂ ಸರಿ ಮಾಡಿ, ಕೊಡುವ ಬಟ್ಟೆಗಳ ಜೊತೆ ಒಂದೇ ಅಳತೆಗೆ ಮಡಚಿ ಜೋಡಿಸಿದರು. ಹಳೇ ಬಟ್ಟೆ ಒಯ್ಯುವ ವ್ಯಾನ್ ಬಂತು, ಹೊತ್ತುಕೊಂಡು ಹೋಯಿತು.

ಸಂಜೆ ನಾನು ಒಳಗೆ ಕಾಲಿಡುವಾಗ ಅಜ್ಜಿ ಮೊಮ್ಮಗಳ ಜಗಳ ಬೀದಿಗೆ ಕೇಳುತ್ತಿತ್ತು.

"ಅಜ್ಜೀ, ಅಪ್ಪನ ಬಟ್ಟೆ ಎಲ್ಲಿ?"

"ಕೊಟ್ಟೆ ಕಣೇ. ವ್ಯಾನಿನವನೇ ಭೇಷ್ ಅಂದ, ಇಷ್ಟು ನೀಟಾಗಿ ಯಾರೂ ಕೊಡಲ್ಲ ಅಂದ."

"ಅದು ಅಪ್ಪಂದು ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ನನ್ನ ಮಗನ ಅಂಗಿ ನಂಗೆ ಗೊತ್ತಾಗಲ್ವಾ? ಗೊತ್ತಾಯ್ತು."

ಅತ್ತೆ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ತುಂಬ ಮೆಲ್ಲಗೆ ಹೇಳಿದರು. "ಎರಡು ಸಲ ರಜೆ ಅಂದ, ಎರಡು ಸಲಾನೂ ಬರ್ಲಿಲ್ಲ. ನೀನು ಮನಸ್ಸು ಗಟ್ಟಿ ಮಾಡ್ಕೊಂಡು ಕೊಡೋಕೆ ತೆಗೆದಿಟ್ಟಿದೀಯ ಅನ್ಕೊಂಡೆ. ಕೇಳಿ ನಿನ್ನನ್ನ ಯಾಕೆ ನೋಯಿಸ್ಲಿ ಅಂತ ಕೇಳ್ಲಿಲ್ಲ."

ಅವರ ಮೇಲೆ ನನಗೆ ಕೋಪ ಬರಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿದ್ದುಕೊಂಡು ಅವರು ಇದನ್ನೇ ಯೋಚಿಸುತ್ತಿದ್ದರಲ್ಲ, ನನ್ನನ್ನು ನೋಡುತ್ತ ನೋಡುತ್ತ.

ಆಮೇಲಿನದು ನಿಮಗೆ ಗೊತ್ತು. ಚೂಟಿ ನಿಮಗೆ ಫೋನ್ ಮಾಡಿ ಅಜ್ಜಿಯ ಮೇಲೆ ದೂರು ಹೇಳಿದಳು. ನೀವು ಬಯ್ಯುತ್ತೀರಿ, ಇಲ್ಲ ನಗುತ್ತೀರಿ ಎಂದು ಅವಳು ಕಾದಿದ್ದಳು. "ಹೋಗ್ಲಿ ಬಿಡಮ್ಮ, ಇನ್ನು ನಂಗ್ಯಾಕೆ ಅವು" ಅಂದಿರಿ. ಅವಳು ಫೋನನ್ನು ಮೇಜಿನ ಮೇಲಿಟ್ಟು ಕೇಳಿದಳು. "ಅಮ್ಮಾ, ಅಪ್ಪ ಅಲ್ಲೇ ಬೇರೆ ಮನೆ ಮಾಡ್ಕೊಂಡಿದಾರಾ?"

ಬಾಯಿ ಮುಚ್ಚು ಅಂತ ಗದರಿದೆ. ಗದರಿದ್ದು ಅವಳನ್ನೋ, ನನ್ನೊಳಗೆ ಎದ್ದ ಅದೇ ಪ್ರಶ್ನೆಯನ್ನೋ ಗೊತ್ತಿಲ್ಲ. ಆವತ್ತಿನಿಂದ ಮನೆಯಲ್ಲಿ ಮೂವರೂ ಬೇಕಾದಷ್ಟೇ ಮಾತಾಡುತ್ತಿದ್ದೇವೆ. ಅತ್ತೆ ಅನ್ನಕ್ಕೆ ಕರೆಯುವಾಗ ನನ್ನ ಮುಖ ನೋಡುವುದಿಲ್ಲ. ನೀವು ಬರುತ್ತೀರೋ ಇಲ್ಲವೋ ಎಂಬುದೊಂದನ್ನು ಬಿಟ್ಟು ಉಳಿದೆಲ್ಲ ವಿಷಯ ಮಾತಾಡುತ್ತೇವೆ.

ಬಟ್ಟೆ ಹೋದ ಮರುದಿನ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ವ್ಯಾನಿನವರ ಗೋದಾಮು ಹುಡುಕಿಕೊಂಡು ಹೋದೆ. ಊರಾಚೆ, ತಗಡಿನ ಶೀಟು ಹೊದಿಸಿದ ಉದ್ದನೆಯ ಕಟ್ಟಡ. ಒಳಗೆ ಬಟ್ಟೆಯ ಗುಡ್ಡಗಳು, ಅವುಗಳ ನಡುವೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತ ಹೆಂಗಸರು. ಹತ್ತಿ ಒಂದು ಕಡೆ, ಉಣ್ಣೆ ಒಂದು ಕಡೆ, ಒರೆಸುವ ಬಟ್ಟೆಗೆ ಹೋಗುವುದು ಇನ್ನೊಂದು ಕಡೆ. ಮೇಲ್ವಿಚಾರಕಿ ನನ್ನ ಮಾತು ಪೂರ್ತಿ ಕೇಳಲೇ ಇಲ್ಲ.

"ಅಕ್ಕಾ, ಇಲ್ಲಿಗೆ ದಿನಾ ಯಾರಾದ್ರೂ ಬರ್ತಾರೆ. ಗಂಡನ ಅಂಗಿ ಹುಡುಕ್ತಾರೆ, ಗಂಡನ್ನ ಹುಡುಕೋರು ಯಾರೂ ಇಲ್ಲ."

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಬೇರೆ ಹೊತ್ತಾಗಿದ್ದರೆ ಮನೆಗೆ ಬಂದು ಎಲ್ಲರಿಗೂ ಹೇಳಿ ಇನ್ನೊಮ್ಮೆ ನಗುತ್ತಿದ್ದೆ.

"ಗುರುತು ಏನು?" ಅಂತ ಕೇಳಿದಳು. ನನ್ನ ಕೈಯಿಂದ ಹೋದ ಬಟ್ಟೆಯ ಒಳಗೆ ಹೊಲಿಗೆ ಮುಗಿಯುವಲ್ಲಿ ಹಸಿರು ದಾರದ ಒಂದು ಟಾಕಿ, ಗುರುತಿನ ಸಣ್ಣ ಹೊಲಿಗೆ, ಇರುತ್ತದೆ ಎಂದೆ. ಗಿರಾಕಿ ವಾಪಸು ತಂದು ಜಗಳ ಮಾಡಿದರೆ ಕೆಲಸ ನನ್ನದು ಹೌದೋ ಅಲ್ಲವೋ ತಿಳಿಯಲಿ ಅಂತ ಹಾಕುತ್ತೇನಲ್ಲ, ಅದು. ಅವಳು ಹಿಂದಿನ ದಿನದ ಗುಡ್ಡ ತೋರಿಸಿ, "ಊಟದ ಬೆಲ್ ಆಗೋವರೆಗೆ ನೋಡಿ, ಆಮೇಲೆ ಲಾರಿ ತುಂಬ್ತಾರೆ" ಅಂದಳು. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕಿ ತನ್ನ ಕೆಲಸ ಬಿಟ್ಟು ನನಗೆ ಜೊತೆಯಾದಳು. ಒಂದೊಂದನ್ನೇ ಉಲ್ಟಾ ಮಾಡುವುದು, ನೋಡುವುದು, ಎಸೆಯುವುದು. ಬೆಲ್ ಆಗುವಷ್ಟರಲ್ಲಿ ನಿಮ್ಮ ನೀಲಿ ಅಂಗಿ, ಗೆರೆ ಅಂಗಿ ಮತ್ತು ಕಂದು ಪ್ಯಾಂಟು ಸಿಕ್ಕವು. ಸ್ವೆಟರು ಸಿಗಲಿಲ್ಲ. ಉಳಿದವು ಹೋದವು.

ಸಿಕ್ಕಿದ್ದನ್ನು ಮನೆಗೆ ತಂದೆ. ಅತ್ತೆ ಏನೂ ಕೇಳದೆ ಅಂಗಿಗಳಿಗೆ ಇಸ್ತ್ರಿ ಹಾಕಿದರು. ಸಣ್ಣ ಬೀರುವಿನ ಮೇಲಿನ ಅರೆ ನಿಮ್ಮದು, ಅದರಲ್ಲಿ ಬೇರೆ ಯಾರ ಬಟ್ಟೆಯನ್ನೂ ಇಟ್ಟಿಲ್ಲ. ಚೂಟಿಯ ಪರೀಕ್ಷೆ ಹತ್ತಿರ ಬಂತು. ಅತ್ತೆಯ ಮಂಡಿ ನೋವು ಈಗ ಕಡಿಮೆ. ಮಗನಿಗೆ ಆಶೀರ್ವಾದ ಬರೆ ಎಂದಿದ್ದಾರೆ, ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ ನಿಮ್ಮ,
ಚೂಟಿಯ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಂದು ಪ್ಯಾಂಟಿನ ಸೊಂಟದ ಒಳಗೆ ಹಸಿರು ಟಾಕಿ ಹುಡುಕುವಾಗ ನನ್ನದಲ್ಲದ ಹೊಲಿಗೆ ಕಂಡೆ. ಕಂದು ಬಟ್ಟೆಗೆ ಕಪ್ಪು ದಾರ, ಹಗ್ಗಕ್ಕೆ ಹಾಕುವಂಥ ಗಂಟು. ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಿದೆ. ಆಮೇಲೆ ಸೊಂಟ ಇನ್ನೂ ಇಳಿದು ಅದೂ ಸಡಿಲವಾಗಿ, ಅದರಾಚೆ ಇನ್ನೊಂದು ಸಲ ಹಿಡಿದಿದೆ. ಕೊನೆಯ ಸಲ ರಜೆಗೆ ಬಂದಾಗ ನೀವು ಅದನ್ನೇ ಹಾಕಿಕೊಂಡು ಓಡಾಡಿದಿರಿ. ಅಂಗಿಯನ್ನು ಪ್ಯಾಂಟಿನ ಹೊರಗೇ ಬಿಟ್ಟಿದ್ದಿರಿ. ನಿಮ್ಮ ಬಟ್ಟೆ ನೀವೇ ಒಗೆದುಕೊಂಡಿರಿ. ಬಂದರಿಗೆ ಹೋಗಿ ಒಳ್ಳೆ ಬುದ್ಧಿ ಕಲಿತಿದ್ದಾನೆ ಅಂತ ಅತ್ತೆ ಖುಷಿಪಟ್ಟಿದ್ದರು, ನಾನೂ. ಮನೆಯಲ್ಲಿ ದರ್ಜಿಯನ್ನು ಇಟ್ಟುಕೊಂಡು ನೀವೇ ಸೂಜಿ ಹಿಡಿದಿದ್ದೀರಿ ಎಂದರೆ ಟೇಪು ನಿಮ್ಮ ಸೊಂಟಕ್ಕೆ ಬರಬಾರದು ಅಂತ ತಾನೇ? ಪ್ಯಾಂಟನ್ನು ಅಳೆದೆ. ಅಳತೆ ಇಲ್ಲಿ ಬರೆಯುವುದಿಲ್ಲ. ಡಾಕ್ಟರು ಏನು ಹೇಳಿದ್ದಾರೆಂದು ನೀವೂ ಬರೆಯಬೇಡಿ. ನಿಮ್ಮಲ್ಲಿಗೆ ಬರುವ ಶುಕ್ರವಾರದ ಬಸ್ಸಿಗೆ ನನಗೆ ಸೀಟು ಸಿಕ್ಕಿದೆ. ಗಿರಾಕಿಯ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದು ಇಲ್ಲಿ ಇಬ್ಬರಿಗೂ ಹೇಳಿದ್ದೇನೆ. ಬೇಡ ಅನ್ನಲು ಫೋನ್ ಮಾಡಬೇಡಿ, ನಾನು ಎತ್ತುವುದಿಲ್ಲ.