ಹಿಯಾಸಳ ಧರ್ಮತಂದೆ

ತಾಲಿಂ ದ್ವೀಪ
ಮಂಗಳವಾರ, ಏಪ್ರಿಲ್ 19, 2022

ಪ್ರೀತಿಯ ರೊಡೆಲ್,

ಹೇಗಿದ್ದೀಯ? ಅಂಗೈ ಗಾಯ ಒಣಗಿತಾ? ಉಪ್ಪುನೀರಿನಲ್ಲಿ ನೆಂದ ಕೈಯನ್ನು ಹಾಗೇ ಬಿಟ್ಟುಕೊಂಡು ಓಡಾಡಬೇಡ, ರಾತ್ರಿ ಮಲಗುವ ಮುಂಚೆ ಒರೆಸಿಕೊಂಡು ಮುಲಾಮು ಹಚ್ಚು. ಚಿಕ್ಕಪ್ಪನ ಮಗ ಅರ್ನೆಲ್‌ಗೆ ನಿನ್ನ ಹಡಗಿನಲ್ಲೇ ಕೆಲಸ ಸಿಕ್ಕಿರುವುದು ನಿನಗೂ ಗೊತ್ತಿರಬೇಕು. ಶುಕ್ರವಾರ ಹೊರಡುತ್ತಾನೆ. ಅವನ ಕೈಯಲ್ಲಿ ಮುಲಾಮು, ಎರಡು ಬನಿಯನ್ನು, ಒಂದು ಪೊಟ್ಟಣ ಒಣಮೀನು ಕಳಿಸುತ್ತಿದ್ದೇನೆ. ಸಮುದ್ರದಲ್ಲಿ ಮೀನು ಹಿಡಿಯುವವನಿಗೆ ಊರಿಂದ ಒಣಮೀನು ಬಂತು ಎಂದು ನಿನ್ನ ಜೊತೆಯವರು ನಗುತ್ತಾರೆ, ನಗಲಿ ಬಿಡು. ಇದು ನಮ್ಮ ಸರೋವರದ ಅಯುಂಗಿನ್. ಈಗ ಬಲೆಗೆ ಬೀಳುವುದೇ ಅಪರೂಪ. ಫೋನಿನಲ್ಲಿ ಹೇಳದೆ ಇವಳು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಮನೆಗಿರುವುದು ಒಂದೇ ಫೋನು, ಅದು ಸದಾ ನಿಮ್ಮಮ್ಮನ ಜೇಬಿನಲ್ಲಿ. ಈ ಕಾಗದ ಅತ್ತೆಯ ಕಣ್ಣಿಗೆ ಬೀಳುವುದು ನನಗೆ ಬೇಕಿಲ್ಲ.

ಮೊದಲು ಮಗಳ ಸುದ್ದಿ. ಹಿಯಾಸ್ ಈಗ ಮಗುಚಿಕೊಳ್ಳುತ್ತಾಳೆ. ಮಗುಚಿಕೊಂಡವಳಿಗೆ ವಾಪಸ್ ತಿರುಗಲು ಬರುವುದಿಲ್ಲ, ಅದಕ್ಕೆ ಊರಿಗೆಲ್ಲ ಕೇಳುವ ಹಾಗೆ ಅಳುತ್ತಾಳೆ. ಮೂಗು ನಿನ್ನದೇ, ಪಾಪ. ಹುಟ್ಟಿ ಇಷ್ಟು ದಿನವಾದರೂ ಅಪ್ಪನ ಕೈಗೆ ಸಿಗಲಿಲ್ಲವಲ್ಲ ಎಂದು ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ. ನಿನ್ನ ಮೇಲಲ್ಲ, ಸುಮ್ಮನೆ ಉರಿಯುತ್ತದೆ. ಈಸ್ಟರ್ ಮುಗಿಯಿತು, ಬರುವ ಭಾನುವಾರ ಅವಳ ದೀಕ್ಷಾಸ್ನಾನ ಎಂದು ಅತ್ತೆ ಊರೆಲ್ಲ ಹೇಳಿ ಬಂದಿದ್ದಾರೆ. ನಾನು ಬರೆಯಬೇಕೆಂದಿರುವುದು ಅದರ ವಿಷಯವೇ.

ನೀನು ನನ್ನನ್ನು ಅನುಮಾನದ ಗಂಟು ಎಂದು ರೇಗಿಸುತ್ತಿದ್ದೆ. ಒಪ್ಪಿದೆ. ಆದರೆ ಇದನ್ನು ಪೂರ್ತಿ ಓದಿ ಆಮೇಲೆ ರೇಗಿಸು. ‘ಸರೋವರದ ಮಕ್ಕಳು’ ಅಂತ ಒಂದು ಪಕ್ಷ ಹುಟ್ಟಿಕೊಂಡಿದೆ. ಬಡವರಿಗೆಂದು ಸಂಸತ್ತಿನಲ್ಲಿ ಎತ್ತಿಟ್ಟ ಕುರ್ಚಿಗಳಿವೆಯಲ್ಲ, ಅದರಲ್ಲೊಂದು ಸಣ್ಣ ಮೀನುಗಾರರಾದ ನಮಗೆ ಸಿಗಬೇಕಂತೆ, ಅದಕ್ಕಾಗಿ ಈ ಪಕ್ಷವಂತೆ. ಮತಪತ್ರದಲ್ಲಿ ಪಕ್ಷದ ಹೆಸರು ಮಾತ್ರ ಇರುತ್ತದೆ, ಗೆದ್ದ ಮೇಲೆ ಒಳಗೆ ಹೋಗಿ ಕೂರುವವರು ಯಾರು ಎಂದು ನಮ್ಮವರು ಯಾರೂ ಕೇಳುವುದಿಲ್ಲ. ಕೂರುವವರು ಅಟಾರ್ನಿ ಫೌಸ್ತಿನೊ. ವಕೀಲರು, ಪೇಟೆಯವರು. ಪವಿತ್ರ ವಾರಕ್ಕೆ ಮುಂಚೆ ನಮ್ಮ ದಂಡೆಗೆ ಬಂದಿದ್ದರು. ತಲೆಗೆ ಹುಲ್ಲಿನ ಟೋಪಿ, ಕಾಲಿಗೆ ರಬ್ಬರ್ ಚಪ್ಪಲಿ. ಚಪ್ಪಲಿಯ ಅಡಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ದೋಣಿಯಿಂದ ಇಳಿಯುವುದಕ್ಕೆ ಇಬ್ಬರು ಕಂಕುಳಿಗೆ ಕೈ ಕೊಡಬೇಕಾಯಿತು. ಇಳಿದವರೇ, “ನಾನೂ ಈ ನೀರಿನ ಮಗನೇ ಕಣ್ರಪ್ಪಾ, ನಮ್ಮಜ್ಜ ಬಲೆ ಹಾಕ್ತಿದ್ರು” ಅಂದರು. ನಾನು ಸುಮ್ಮನಿರಲಾರದೆ, “ನಿಮ್ಮ ಪಕ್ಷದಲ್ಲಿ ಈಗ ಬಲೆ ಹಾಕೋರು ಯಾರಿದ್ದಾರೆ ಅಟಾರ್ನಿ?” ಅಂತ ಕೇಳಿದೆ. ಅವರು ನಕ್ಕು, “ಇವಳ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕ್ರೋ” ಅಂದರು. ಎಲ್ಲರೂ ನಕ್ಕರು. ಉತ್ತರ ಆಮೇಲೆ ಪೇಪರಿನಲ್ಲೇ ಸಿಕ್ಕಿತು. ಪಕ್ಷದ ಪಟ್ಟಿಯಲ್ಲಿ ಅಟಾರ್ನಿ ಮೊದಲನೆಯವರು, ಎರಡನೆಯವರು ಅವರ ಹೆಂಡತಿಯ ಅಣ್ಣ. ಆ ಅಣ್ಣ ಯಾರು ಗೊತ್ತಾ? ಮೀನು ಸಾಕಲು ನಮ್ಮ ಮುಂದೆ ನೀರಿಗೆ ಬಿದಿರು ನೆಟ್ಟು, ಬಲೆ ಕಟ್ಟಿ, ಪೇಟೆಗೆ ಹೋಗುವ ದಾರಿಯನ್ನೇ ಮುಚ್ಚಿರುವ ಬೇಲಿಯ ಯಜಮಾನ.

ಇನ್ನೂ ಕೇಳು. ಆ ದಿನ ಅಟಾರ್ನಿಯನ್ನು ಕರೆತಂದದ್ದು ಬೇಲಿಯವರ ನೀಲಿ ಮೋಟಾರು ದೋಣಿ. ನಮಗೆ ಯಾವತ್ತೂ ತೆರೆಯದ ಬೇಲಿಯ ಬಾಗಿಲು ಅವರಿಗೆ ಸಲೀಸಾಗಿ ತೆರೆಯಿತು. ದೋಣಿ ನಡೆಸುತ್ತಿದ್ದವನು ಪಕ್ಷದ ಹಳದಿ ಅಂಗಿ ತೊಟ್ಟಿದ್ದ, ಮುಖಕ್ಕೆ ಮಾಸ್ಕು. ದಂಡೆಯಲ್ಲಿ ಮುಗಿಬಿದ್ದ ಮಕ್ಕಳನ್ನು ನೋಡಿ ಅವನು, “ಏಯ್, ಬದಿಗೆ ಸರೀರೋ” ಎಂದು ಕೂಗಿದ. ಆ ಧ್ವನಿ ಕೇಳಿದ್ದೇ ನನಗೆ ಗುರುತು ಸಿಕ್ಕಿತು. ಕಳೆದ ನವೆಂಬರಿನಲ್ಲಿ ನಮ್ಮ ದೋಣಿಗೆ ಗುದ್ದುವ ಮುಂಚೆ ಕೇಳಿದ್ದು ಅದೇ ಧ್ವನಿ. “ಏಯ್ ಮುದುಕಾ, ಬದಿಗೆ ಸರಿಯೋ” ಅಂದವನು ಸರಿಯಲು ಬಿಡುವೂ ಕೊಡಲಿಲ್ಲ. ಮಾವ ನನ್ನನ್ನು ಹಿಂದಕ್ಕೆ ತಳ್ಳಿ ತಾವು ಮುಂದೆ ನಿಂತರು. ನಾನು ತುಂಬಿದ ಬಸುರಿ. ಅವರು ಹಾಗೆ ನಿಲ್ಲದೇ ಇದ್ದಿದ್ದರೆ ಇವತ್ತು ಹಿಯಾಸ್ ಇರುತ್ತಿರಲಿಲ್ಲ, ಬಹುಶಃ ನಾನೂ. ಅವರ ಎಡಭುಜದ ಮೂಳೆ ಮುರಿದದ್ದು, ಇಂಜಿನ್ ನೀರು ಪಾಲಾದದ್ದು ನಿನಗೆ ಗೊತ್ತು. ಅವನನ್ನು ಕಣ್ಣಾರೆ ಕಂಡವರು ಮಾವ, ನಾನು ಇಬ್ಬರೇ. ಮಾವನ ಕಣ್ಣು ಮಂಜು, ಅವರ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಬೇಲಿಯವರ ವಕೀಲ ಆಗಲೇ ಹೇಳಿದ್ದಾನಂತೆ. ಮುಂದಿನ ವಾರ ಬುಧವಾರ ವಿಚಾರಣೆ. ಅಲ್ಲಿ ನಾನು ಮಾತಾಡಿದರೆ ಆ ಬೇಲಿ ಕಿತ್ತು ದಾರಿ ಬಿಡಬೇಕಾಗಬಹುದು.

ಈಗ ಜೋಡಿಸಿ ನೋಡು. ಬುಧವಾರ ವಿಚಾರಣೆ, ಅದರ ಹಿಂದಿನ ಭಾನುವಾರ ದೀಕ್ಷಾಸ್ನಾನ, ಧರ್ಮತಂದೆಯಾಗಿ ನಿಲ್ಲುತ್ತೇನೆ ಎಂದು ಬಂದಿರುವವರು ಅಟಾರ್ನಿ ಫೌಸ್ತಿನೊ. ನಾವೇನೂ ಕೇಳಿರಲಿಲ್ಲ. ಮೊನ್ನೆ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದು, ತೊಟ್ಟಿಲಿಂದ ಮಗುವನ್ನು ತಾವೇ ಎತ್ತಿಕೊಂಡು, “ಇವಳಿಗೆ ನಾನೇ ಮೇಣದಬತ್ತಿ ಹಿಡೀತೀನಿ” ಅಂದರು. ಆ ಹಳದಿ ಅಂಗಿಯವನು ಬಾಗಿಲಲ್ಲಿ ನಿಂತು ಮಗುವಿಗೆ ಚಿಟಿಕೆ ಹೊಡೆಯುತ್ತಿದ್ದ. ಮಗುವಿಗೆ ಮೇಣದಬತ್ತಿ ಹಿಡಿದ ಮೇಲೆ ಅವರು ನಿನಗೆ ಪಾರೆ, ನನಗೂ ಪಾರೆ. ಪಾರೆ ಅಂದಮೇಲೆ ನಮ್ಮ ಮನೆಯವರೇ ಆದ ಹಾಗೆ. ಪಾರೆಯ ಮನೆಯವರ ಮೇಲೆ ಕಟಕಟೆಯಲ್ಲಿ ನಿಂತು ಬೆರಳು ತೋರಿಸಿದವರನ್ನು ಈ ದ್ವೀಪದಲ್ಲಿ ನೀನು ಕಂಡಿದ್ದೀಯಾ? ಹಾಗೆ ಮಾಡಿದರೆ ನಾಳೆ ನನ್ನ ಜೊತೆ ಬಾವಿಕಟ್ಟೆಯಲ್ಲಿ ನಿಂತು ಮಾತಾಡುವವರು ಒಬ್ಬರೂ ಇರುವುದಿಲ್ಲ. ಬೆದರಿಸಿದ್ದರೆ ನಾನು ಹೆದರುತ್ತಿರಲಿಲ್ಲ ರೊಡೆಲ್. ಇವರು ನೆಂಟಸ್ತನ ಹಾಕಿ ಬಾಯಿ ಕಟ್ಟುತ್ತಿದ್ದಾರೆ. ನಮ್ಮ ಪರವಾಗಿ ಮಾತಾಡುತ್ತೇನೆ ಎಂದು ಓಟು ಕೇಳುವವರು ಮೊದಲು ನಮ್ಮನ್ನು ಮಾತಾಡದ ಹಾಗೆ ಮಾಡುತ್ತಿದ್ದಾರೆ.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಇಲ್ಲ ಅನ್ನುವುದಿಲ್ಲ. ಆಮೇಲೆ, “ಇಡೀ ಹಂದಿ ಸುಟ್ಟು ಕಳಿಸ್ತಾರಂತೆ ಕಣೇ. ನಿನ್ನ ಗಂಡನ ದೀಕ್ಷಾಸ್ನಾನಕ್ಕೆ ನಾನು ನೂಡಲ್ಸ್ ಮಾಡಿ ಕೈತೊಳ್ಕೊಂಡಿದ್ದೆ” ಅಂದರು. ನನಗೆ ನಗು ಬಂತು, ಅವರಿಗೆ ಅಳು ಬಂತು. ಅವರ ಅಳು ಹಂದಿಗಾಗಿ ಅಲ್ಲ. ಮಾವನ ಭುಜದ ಮೂಳೆ ವಕ್ರವಾಗಿ ಕೂಡಿದೆ, ಮನಿಲಾದ ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಕುಯ್ದು ಪ್ಲೇಟು ಹಾಕಬೇಕು. ಅಲ್ಲಿ ಹಾಸಿಗೆ ಸಿಗಬೇಕಾದರೆ ದೊಡ್ಡವರ ಒಂದು ಮಾತು ಬೇಕು. ಆ ಮಾತು ಆಡಿಸುತ್ತೇನೆ ಎಂದು ಅಟಾರ್ನಿ ಅತ್ತೆಯ ಕೈಹಿಡಿದು ಹೇಳಿದ್ದಾರೆ. “ನಿಂಗೆ ನ್ಯಾಯ ಬೇಕು, ನಂಗೆ ನನ್ನ ಗಂಡ ಬೇಕು. ಎರಡೂ ಒಂದೇ ಮನೇಲಿ ಹೇಗೆ ಸಿಗುತ್ತೆ ಹೇಳು” ಅಂತ ಕೇಳಿದರು. ಅವರು ರಾತ್ರಿ ಮಾವನಿಗೆ ಬಿಸಿನೀರಿನ ಶಾಖ ಕೊಡುವುದನ್ನು ದಿನಾ ನೋಡುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಾವ ಮಾತ್ರ ಬಲೆ ಹೊಲಿಯುತ್ತಾ ಕೂತಿರುತ್ತಾರೆ.

ಇನ್ನೊಂದು ಮಾತಿದೆ, ಅದು ನನ್ನನ್ನು ಕೊರೆಯುತ್ತಿದೆ. ಹೊರಡುವಾಗ ಅಟಾರ್ನಿ ಮೆಟ್ಟಿಲ ಮೇಲೆ ನಿಂತು, “ರೊಡೆಲ್ ಹತ್ರ ಆಗ್ಲೇ ಮಾತಾಡಿದೀನಮ್ಮ. ಹಡಗು ತೈವಾನಿನ ಕಾವೊಸ್ಯುಂಗ್ ಬಂದರಲ್ಲಿ ನಿಂತಾಗ ಫೋನ್ ಮಾಡಿದ್ದೆ. ಆಗಲೇ ನನ್ನ ಪಾರೆ ಅಂತ ಕರೆದ” ಅಂದರು. ಅದೇ ವಾರ ನೀನು ನಮಗೂ ಫೋನ್ ಮಾಡಿದ್ದೆ. ಹವಾಮಾನ ಹೇಳಿದೆ, ಊಟ ಹೇಳಿದೆ, ಹಡಗಿನ ಅಡುಗೆಯವನ ಗೊರಕೆಯನ್ನೂ ಹೇಳಿದೆ. ಇದನ್ನು ಹೇಳಲಿಲ್ಲ. ಅವರು ಸುಳ್ಳು ಹೇಳಿದರಾ, ನೀನು ಮುಚ್ಚಿಟ್ಟೆಯಾ? ನಿನ್ನ ಹಡಗು ಆ ಬಂದರಲ್ಲಿ ನಿಂತದ್ದು ಅವರಿಗೆ ಹೇಗೆ ಗೊತ್ತಾಯಿತು? ಎರಡು ರಾತ್ರಿ ನಿದ್ದೆಯಿಲ್ಲದೆ ಇದನ್ನೇ ಯೋಚಿಸಿದೆ. ಬೇಲಿಯವರನ್ನು ಅನುಮಾನಿಸಿದೆ, ಪಕ್ಷವನ್ನು ಅನುಮಾನಿಸಿದೆ, ಅದರಿಂದ ನನಗೇನೂ ಆಗಲಿಲ್ಲ. ನಿನ್ನನ್ನು ಅನುಮಾನಿಸುವುದು ಮಾತ್ರ ನನ್ನಿಂದ ಆಗುತ್ತಿಲ್ಲ. ಹೌದೋ ಅಲ್ಲವೋ, ಒಂದೇ ಮಾತು ಹೇಳು. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಭಾನುವಾರ ಕಳೆದುಹೋಗಿರುತ್ತದೆ ಅಂತ ಗೊತ್ತು, ಆದರೂ ಕೇಳದೆ ಇರಲಾಗಲಿಲ್ಲ.

ದೇವಮಾತೆ ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ. ಅತ್ತೆ ಮಾವ ಆಶೀರ್ವಾದ ಹೇಳಿದ್ದಾರೆ. ಹಿಯಾಸ್ ನಿನ್ನ ಫೋಟೋಗೆ ಜೊಲ್ಲು ಹಚ್ಚಿದ್ದಾಳೆ, ಅದನ್ನು ಮುತ್ತು ಎಂದುಕೋ.

ನಿನ್ನ
ರಿಸಾಲಿನ್

ತಾ.ಕ.: ಶುಕ್ರವಾರ ಬೆಳಿಗ್ಗೆ. ಅರ್ನೆಲ್ ದಂಡೆಯಲ್ಲಿ ನಿಂತು ಹೊತ್ತಾಯಿತೆಂದು ಕೂಗುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಿಯಾಸಳ ದೀಕ್ಷಾಸ್ನಾನ ನಿನ್ನೆಯೇ ಆಯಿತು. ಮಗುವಿಗೆ ಚುಚ್ಚುಮದ್ದು ಹಾಕಿಸಬೇಕು ಎಂದು ಅತ್ತೆಗೆ ಸುಳ್ಳು ಹೇಳಿ ಆಚೆ ದಡದ ಇಗರ್ಜಿಗೆ ಹೋಗಿದ್ದೆ. “ಇಷ್ಟು ಅವಸರ ಯಾರಿಗೆ ಹೆದರಿ?” ಅಂತ ಫಾದರ್ ಕೇಳಿದರು. “ಮೇಣದಬತ್ತಿ ಹಿಡಿಯೋಕೆ ಬರೋರಿಗೆ ಫಾದರ್” ಅಂದೆ. ಪೂರ್ತಿ ಕೇಳಿಕೊಂಡು, ದೀಕ್ಷಾಸ್ನಾನಕ್ಕೆ ಮುಂಚೆ ಹೆತ್ತವರಿಗಿರುವ ಪಾಠಕ್ಕೆ ಬರಲಿಲ್ಲವೆಂದು ಬೈದು, ಒಪ್ಪಿದರು. ಬಂದರಿನಿಂದ ನಮ್ಮನ್ನು ಕರೆತಂದ ಟ್ರೈಸಿಕಲ್ ಚಾಲಕ ಲಾದಿಂಗ್ ಮೇಣದಬತ್ತಿ ಹಿಡಿದ. ಅವನೇ ನಿನ್ನ ಪಾರೆ. ಒಳ್ಳೆಯವನು, ಬಾಡಿಗೆ ತಗೊಳ್ಳಲಿಲ್ಲ. ಒಂದು ಸಲ ಆದ ದೀಕ್ಷಾಸ್ನಾನವನ್ನು ಇನ್ನೊಂದು ಸಲ ಮಾಡುವ ಹಾಗಿಲ್ಲ, ಅಟಾರ್ನಿ ಇಡೀ ಹಂದಿ ಹಿಂಡನ್ನೇ ತಂದರೂ ಅಷ್ಟೇ. ಅತ್ತೆಗೆ ಇನ್ನೂ ಗೊತ್ತಿಲ್ಲ, ಇವತ್ತು ಹೇಳುತ್ತೇನೆ. ಬುಧವಾರ ವಿಚಾರಣೆಗೆ ಹೋಗುತ್ತೇನೆ.

ಇದು ನನ್ನೊಬ್ಬಳ ಹಟ ಎಂದುಕೊಳ್ಳಬೇಡ. ಮೊನ್ನೆ ಬುಧವಾರ ಸಂಜೆ ಮಾವ ಬಲೆ ಕೆಳಗಿಟ್ಟು, “ನನ್ನ ಭುಜ ಮುರಿದೋರ ಹತ್ರ ಹೋಗಿ ಭುಜ ಸರಿಮಾಡಿ ಅಂತ ಬೇಡ್ಲಾ? ನಾಳೆ ಬೆಳಿಗ್ಗೆ ಮಗೂನ ರೆಡಿ ಮಾಡಮ್ಮ” ಅಂದರು. ಇಂಜಿನ್ ಇಲ್ಲ, ಬೇಲಿಯವರು ದಾರಿ ಬಿಡುವುದಿಲ್ಲ. ಬೇಲಿ ಸುತ್ತಿಕೊಂಡು ಹೋಗಬೇಕು. ನಾನು ಹುಟ್ಟು ಹಾಕುತ್ತೇನೆ ಅಂದರೆ, “ನೀನು ಮಗೂನ ಹಿಡ್ಕೊ” ಅಂದರು. ಹೋಗುವಾಗಲೂ ಬರುವಾಗಲೂ ಒಂದೇ ಕೈಯಲ್ಲಿ ದೋಣಿ ನಡೆಸಿದರು. ನೀನು ಅಟಾರ್ನಿಯನ್ನು ಪಾರೆ ಅಂದದ್ದು ನಿಜವೇ ಆಗಿದ್ದರೆ, ಅದು ನಿಮ್ಮಪ್ಪನ ಭುಜಕ್ಕಾಗಿ ಅಂದದ್ದು ಎಂದು ನನಗೆ ಗೊತ್ತು. ಆ ಭುಜ ಬೇಡವೆಂದು ಅವರೇ ಬಿಟ್ಟುಕೊಟ್ಟಿದ್ದಾರೆ. ಅಟಾರ್ನಿ ಮತ್ತೆ ಫೋನ್ ಮಾಡುತ್ತಾರೆ, ನಿನ್ನನ್ನು ಪಾರೆ ಅನ್ನುತ್ತಾರೆ. ನೀನು ಅಟಾರ್ನಿ ಅನ್ನು, ಸಾಕು.